ಸುರಗಿ ಆಯ್ದು, ತಮಾ

ಫೆಬ್ರವರಿಯ ಎರಡನೆಯ ವಾರ. ಕಬ್ಬನ್ ಪಾರ್ಕಿನ ಪಕ್ಕದ ರಸ್ತೆಯಲ್ಲಿ ಸಿಗ್ನಲ್ಲಿಗೆ ನಿಂತಿದ್ದೆ. ತಲೆ ಎತ್ತಿದರೆ ಟಬೂಬಿಯಾ ಮರ. ಎಲೆ ಹುಡುಕಬೇಕು, ಅಷ್ಟು ಗುಲಾಬಿ ಹೂ. ಹಿಂದಿನವರು ಹಾರ್ನ್ ಹೊಡೆಯುವಷ್ಟರಲ್ಲಿ ಒಂದು ಫೋಟೋ ತೆಗೆದು ಊರಿಗೆ, ಆಯಿಗೆ ಕಳಿಸಿದೆ. ಮುಂದಿನ ಸಿಗ್ನಲ್ ತಲುಪಿದಾಗ ನೆನಪಾಯಿತು: ಆಯಿಗೆ ಈಗ ಕಣ್ಣು ಕಾಣುವುದಿಲ್ಲ. ಕೈಗೆ ಹಳೆಯ ಅಭ್ಯಾಸ ಇನ್ನೂ ತಪ್ಪಿಲ್ಲ.

ಸಂಜೆ ಅವಳೇ ಫೋನ್ ಮಾಡಿದಳು.

"ಎಂತೋ ಫೋಟೋ ಕಳಸಿದ್ದೆ ಹೇಳಿ ನಿನ್ನಣ್ಣ ಹೇಳ್ದ. ಎಂತ ಹೂ?"

"ಟಬೂಬಿಯಾ. ಗುಲಾಬಿ ಬಣ್ಣ."

"ಪರಿಮಳ ಇದ್ದಾ?"

ಹದಿನೈದು ವರ್ಷಗಳಿಂದ ಆ ಮರಗಳ ಕೆಳಗೆ ಓಡಾಡುತ್ತಿದ್ದೇನೆ. ಮೂಸಿ ನೋಡಿದ್ದೇ ಇಲ್ಲ. ಗೊತ್ತಿಲ್ಲೆ ಎಂದೆ. ಅವಳು ನಕ್ಕಳು. "ಇಲ್ಲಿ ಸುರಗಿ ಆಯ್ದು, ತಮಾ."

ಪಂಚಾಂಗದ ವಸಂತ ಚೈತ್ರ ಶುದ್ಧ ಪಾಡ್ಯಕ್ಕೆ ಬರುತ್ತದೆ. ಅದರಲ್ಲೂ ನಮ್ಮ ನಾಡಿನಲ್ಲಿ ಒಂದೇ ದಿನವಿಲ್ಲ. ನಮ್ಮ ಕಡೆ ಚಾಂದ್ರಮಾನ ಯುಗಾದಿ, ತುಳುನಾಡಿನಲ್ಲಿ ಏಪ್ರಿಲ್ ಮಧ್ಯದ ಬಿಸು. ಮರಗಳು ಎರಡಕ್ಕೂ ಕಾಯುವುದಿಲ್ಲ. ಒಂದೊಂದು ಸೀಮೆಯಲ್ಲಿ ಒಂದೊಂದು ಸುಳಿವು ಕೊಟ್ಟು ಮುಂದೆ ಹೋಗುತ್ತವೆ. ಅದನ್ನು ನಾನು ಮೊದಲು ತಿಳಿದದ್ದು ಧಾರವಾಡದಲ್ಲಿ, ಎಂ.ಎ. ಓದುವಾಗ.

ನನ್ನ ಕೋಣೆಯ ಗೆಳೆಯ ನವಲಗುಂದದ ಕಡೆಯವನು, ಎರೆಹೊಲದ ಮನೆತನ. ಅವನ ಪಾಲಿಗೆ ವಸಂತವೆಂದರೆ ಹೊಲ ಬರಿದಾಗುವುದು. ಕಡಲೆ, ಬಿಳಿಜೋಳ, ಕುಸುಬಿ ಎಲ್ಲ ಕಣಕ್ಕೆ ಬಂದು, ನೆಲ ಬಿರುಕು ಬಿಟ್ಟು, ಮಧ್ಯಾಹ್ನ ಸುಂಟರಗಾಳಿ ಧೂಳೆಬ್ಬಿಸಬೇಕು. "ರಾಶಿ ಮುಗದು ಬ್ಯಾವಿನ ಗಿಡ ಹೂ ಬಿಡ್ತಂದ್ರ ಯುಗಾದಿ ಬಂತಂತ ತಿಳ್ಕೊ" ಎನ್ನುತ್ತಿದ್ದ. ಹೂವಿಗಿಂತ ಮೊದಲು ಅವನ ಮುಖದಲ್ಲಿ ರಾಶಿಯ ಲೆಕ್ಕ ಕಾಣುತ್ತಿತ್ತು. ಕಡಲೆ ಕೈಕೊಟ್ಟ ವರ್ಷ ಅವನು ಬೇವಿನ ಹೂವಿನ ಮಾತೇ ಎತ್ತಲಿಲ್ಲ.

ರಜೆಗೆ ಊರಿಗೆ ಹೊರಟರೆ ಕಲಘಟಗಿ, ಯಲ್ಲಾಪುರದ ಮೇಲೆ ಶಿರಸಿಯ ಬಸ್ಸು. ಧಾರವಾಡದಲ್ಲಿ ಬೇವು ಕೆಂಚು ಚಿಗುರು ಹೊತ್ತು ನಿಂತಿರುತ್ತಿತ್ತು. ಕಲಘಟಗಿ ದಾಟಿದರೆ ಎಲೆಯಿಲ್ಲದ ಮುತ್ತುಗದ ಮರಗಳಲ್ಲಿ ಕೇಸರಿ ಹೂ. ತೇಗದ ಕಾಡು ಬೋಳು. ಯಲ್ಲಾಪುರದಾಚೆ ಕಾಡು ದಟ್ಟವಾಗುತ್ತ ಹೋದಂತೆ, ಬೋಳು ಮರಗಳು ಕಡಿಮೆಯಾಗಿ, ಹಳೆಯ ಹಸಿರಿನ ನಡುವೆ ಕೆಂಪು ಚಿಗುರು. ನಾಲ್ಕು ತಾಸಿನ ದಾರಿಯಲ್ಲಿ ಮೂರು ವಸಂತ.

ಈಗ ಮೂಡಿಗೆರೆಯಲ್ಲಿ ಕಾಫಿ ತೋಟ ನೋಡಿಕೊಳ್ಳುವ ಇನ್ನೊಬ್ಬ ಗೆಳೆಯನದು ಬೇರೆಯೇ ಲೆಕ್ಕ. ಅವನು ಹೂವನ್ನಲ್ಲ, ಆಕಾಶವನ್ನು ನೋಡುತ್ತಾನೆ. ಮಾರ್ಚಿನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎಂಟು ಹತ್ತು ದಿನಕ್ಕೆ ಇಡೀ ಗುಡ್ಡ ಬೆಳ್ಳಗಾಗಿ ಮಲ್ಲಿಗೆಯಂಥ ಪರಿಮಳ. ಆ ಹೂಮಳೆ ತಪ್ಪಿದರೆ ವರ್ಷವೇ ತಪ್ಪಿದಂತೆ.

2011ರಲ್ಲಿ ಒಂದು ವರ್ಷ ಎಡಿನ್‌ಬರೋದಲ್ಲಿದ್ದೆ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರೂಮುಕ್ಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಅಲ್ಲಿಯ ವಸಂತದ ಮೊದಲ ಸುಳಿವು ನನಗೆ ಹೂವಾಗಿರಲಿಲ್ಲ, ಬೆಳಕಾಗಿತ್ತು. ಫೆಬ್ರವರಿಯ ಒಂದು ದಿನ ತರಗತಿ ಮುಗಿಸಿ ಐದು ಗಂಟೆಗೆ ಹೊರಬಂದರೆ ಬೀದಿಯಲ್ಲಿ ಇನ್ನೂ ಬೆಳಕಿತ್ತು. ಅದೇ ವಾರ ಚರ್ಚೊಂದರ ಅಂಗಳದಲ್ಲಿ ತಲೆ ತಗ್ಗಿಸಿದ ಬಿಳಿ ಸ್ನೋಡ್ರಾಪ್ ನೋಡಿದೆ. ಮಾರ್ಚಿಗೆ ಕ್ರೋಕಸ್, ಏಪ್ರಿಲ್ ಕೊನೆಗೆ ಮೆಡೋಸ್ ಎಂಬ ದೊಡ್ಡ ಬಯಲಿನ ದಾರಿಗಳಲ್ಲಿ ಚೆರ್ರಿ. ಜನ ಹುಲ್ಲಿನ ಮೇಲೆ ಬಂದು ಬಿದ್ದುಕೊಂಡರು. ಆಯಿಗೆ ಫೋನಿನಲ್ಲಿ ವರ್ಣಿಸಿದೆ.

"ಹಣ್ಣು ಆಗ್ತಾ?"

"ಇಲ್ಲೆ, ಬರೀ ಹೂ."

"ಹಂಗಾರೆ ಎಂತಕ್ಕೆ ಇಷ್ಟು ಗಡಿಬಿಡಿ?"

ಅಲ್ಲಿದ್ದಾಗಲೇ ರಾಬರ್ಟ್ ಮಾರ್ಶಮ್ ಎಂಬವನ ಬಗ್ಗೆ ಓದಿದೆ. ಇಂಗ್ಲೆಂಡಿನ ನಾರ್ಫಕ್ ಸೀಮೆಯ ಜಮೀನುದಾರ. 1736ರಿಂದ ತನ್ನ ಎಸ್ಟೇಟಿನಲ್ಲಿ ವಸಂತದ ಸುಳಿವುಗಳನ್ನು ದಿನಾಂಕ ಹಾಕಿ ಬರೆದಿಡುತ್ತ ಬಂದ. ಸ್ನೋಡ್ರಾಪ್ ಅರಳಿದ್ದು, ಕಪ್ಪೆ ವಟಗುಟ್ಟಿದ್ದು, ಕವಲುತೋಕೆ ಹಕ್ಕಿ ಬಂದದ್ದು, ಯಾವ ಮರ ಯಾವಾಗ ಎಲೆ ಬಿಟ್ಟಿತು ಎಂಬುದು, ಹೀಗೆ ಇಪ್ಪತ್ತೇಳು ಬಗೆ. ಅವನ ನಂತರ ಮಕ್ಕಳು, ಮೊಮ್ಮಕ್ಕಳು ಅದನ್ನು 1958ರವರೆಗೆ ಮುಂದುವರಿಸಿದರು. ಹವಾಮಾನ ಬದಲಾಗುತ್ತಿರುವುದನ್ನು ಅಭ್ಯಾಸ ಮಾಡುವವರಿಗೆ ಇಂದು ಆ ದಾಖಲೆ ಬಲು ದೊಡ್ಡ ಆಸ್ತಿ.

ಊರಿಗೆ ಮರಳಿದವನೇ ನಾನೂ ಒಂದು ನೋಟ್‌ಬುಕ್ ಶುರುಮಾಡಿದೆ. ಬೆಂಗಳೂರಿನಲ್ಲಿ ಬರೆಯುವುದಕ್ಕೆ ಬರವಿಲ್ಲ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವಾಗ ಇನ್ನೊಂದು ಶುರುಮಾಡಲಿ ಎಂದು ಲೆಕ್ಕ ಹಾಕಿ ಈ ಊರಿಗೆ ಮರಗಳನ್ನು ಆರಿಸಿದವನು. ಟಬೂಬಿಯಾ, ಜಕರಾಂಡ, ಗುಲ್‌ಮೊಹರ್ ಎಲ್ಲವೂ ಪರದೇಶದ ಮರಗಳೇ. ನಮ್ಮದೇ ಹೊಂಗೆ ಮಾತ್ರ ಮಾರ್ಚಿನಲ್ಲಿ ಎಣ್ಣೆ ಸವರಿದಂಥ ಎಳೆಹಸಿರು ಹೊದ್ದು ನಿಲ್ಲುತ್ತದೆ. ಊರಿಗೆ ಹೋದಾಗ ಅಲ್ಲಿಯದೂ ಬರೆಯುತ್ತಿದ್ದೆ: ಅಡಿಕೆಯ ಸಿಂಗಾರ, ಅಪ್ಪೆಮಾವಿನ ಹೂ, ಸುರಗಿ.

ಆ ಪುಸ್ತಕದ 2016ರ ಒಂದು ಪುಟ ಹೀಗಿದೆ: "ಫೆಬ್ರವರಿ 9. ಹಿತ್ತಲ ಸುರಗಿ ಮೊದಲ ಹೂ. ಜೇನು ಬಂದಿದೆ. ಕೋಗಿಲೆ ನಸುಕಿನಲ್ಲೇ."

ಅದೇ ದಿನ ಆಯಿ ಕೊಟ್ಟಿಗೆಯ ಮೆಟ್ಟಿಲಲ್ಲಿ ಎಡವಿದ್ದಳು. ಪುಸ್ತಕದಲ್ಲಿ ಅದಿಲ್ಲ. ಚಾ ಬಸಿಯುವಾಗ ಲೋಟದ ಅಂಚಿಗೆ ಚೆಲ್ಲಿತ್ತು. ಪಕ್ಕದಿಂದ ಬಂದ ಅತ್ತಿಗೆಗೆ ಡಿಕ್ಕಿ ಹೊಡೆದು, ಇಬ್ಬರೂ ನಕ್ಕಿದ್ದರು. ನಾವೂ ನಕ್ಕೆವು. ವಯಸ್ಸಾಯ್ತು ಎಂದು ಅವಳೇ ಅಂದಳು. "ಮಳೆಗಾಲ ಮುಗಿಯಲಿ, ಬೆಂಗಳೂರಿಗೆ ಬಾ, ಕಣ್ಣು ತೋರಿಸೋಣ" ಎಂದು ನಾನು ಹೇಳಿದೆ. ಎರಡು ಮಳೆಗಾಲ ಮುಗಿದವು.

ಕೊನೆಗೆ ತೋರಿಸಿದಾಗ ಡಾಕ್ಟರು ಗ್ಲಾಕೋಮಾ ಎಂದರು. ನೋವಿಲ್ಲ, ಕೆಂಪಿಲ್ಲ. ನೋಟದ ಅಂಚುಗಳು ಮೊದಲು ಸದ್ದಿಲ್ಲದೆ ಹೋಗುತ್ತವೆ, ನಡುವಿನದು ಕೊನೆಯವರೆಗೆ ಉಳಿಯುತ್ತದೆ. ಹಾಗಾಗಿ ಕಳೆದುಕೊಳ್ಳುತ್ತಿರುವವರಿಗೇ ಗೊತ್ತಾಗುವುದಿಲ್ಲ. ಹನಿ ಔಷಧಿ ಉಳಿದದ್ದನ್ನು ಕಾಯಬಹುದು, ಹೋದದ್ದನ್ನು ತರಲಾರದು. ಮನೆಯಲ್ಲಿ ಒಬ್ಬರಿಗಿದ್ದರೆ ಮಕ್ಕಳೂ ನಲವತ್ತರ ಮೇಲೆ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇಷ್ಟು ಹೇಳಿ ಅವರು ಕೇಳಿದರು: "ಮೊದಲು ನಿಮ್ಮ ಗಮನಕ್ಕೆ ಬಂದದ್ದು ಯಾವಾಗ?"

ಸುರಗಿ ಯಾವ ವರ್ಷ ಯಾವ ತಾರೀಖಿಗೆ ಅರಳಿತೆಂದು ಕೇಳಿದ್ದರೆ ಹೇಳಬಲ್ಲವನಾಗಿದ್ದೆ. ಸುಮ್ಮನೆ ಕೂತೆ. ಆಯಿಯೇ ಹೇಳಿದಳು, "ಅವಂಗೆಂತ ಗೊತ್ತು, ದೂರ ಇರವ." ಅವಳು ನನ್ನನ್ನು ಕಾಪಾಡಿದ ಆ ಮಾತು ಇವತ್ತಿಗೂ ನನಗೆ ಇಳಿದಿಲ್ಲ.

ಔಷಧಿ ಹಾಕಿದೆವು, ಶಸ್ತ್ರಚಿಕಿತ್ಸೆಯೂ ಆಯಿತು. ತಡವಾಗಿತ್ತು. ಈಗ ಅವಳಿಗೆ ಬೆಳಕು ಕತ್ತಲೆಯ ವ್ಯತ್ಯಾಸ ಮಾತ್ರ ಗೊತ್ತಾಗುತ್ತದೆ.

ಆ ಫೋನಿನ ಮರುವಾರ ಊರಿಗೆ ಹೋದೆ. ಸುರಗಿಯ ಕೆಳಗೆ ಅತ್ತಿಗೆ ಹಳೆಯ ಸೀರೆ ಹಾಸಿದ್ದಳು. ಉದುರಿದ ಹೂವನ್ನು ಆಯಿ ಕೈಯಾಡಿಸಿ ಆರಿಸುತ್ತಿದ್ದಳು. ಒಣಗಿದರೂ ವಾಸನೆ ಬಿಡದ ಹೂವದು, ನಮ್ಮಲ್ಲಿ ಬಟ್ಟೆಯ ಪೆಟ್ಟಿಗೆಯಲ್ಲಿಡುತ್ತಾರೆ. ಅನಂತಮೂರ್ತಿಯವರ ಆತ್ಮಕಥನ ಓದಿದವರಿಗೆ ಹೆಸರಾದರೂ ಗೊತ್ತಿರುತ್ತದೆ. ಸುರಗಿ ಆದದ್ದು ಹೇಗೆ ತಿಳಿಯಿತು ಎಂದು ಕೇಳಿದೆ. ಪರಿಮಳವೆನ್ನುತ್ತಾಳೆ ಎಂದುಕೊಂಡಿದ್ದೆ. "ಜಗುಲಿಗೆ ಜೇನಿನ ಸದ್ದು ಕೇಳ್ತು" ಎಂದಳು.

ಆಮೇಲೆ ಅಪ್ಪೆಮಾವಿನ ಹೂಗೊಂಚಲು ಮುರಿದು ತರಲು ಹೇಳಿದಳು. ಮೇಲಿಂದ ನೋಡಿ ಚೆನ್ನಾಗಿದೆ ಎಂದೆ. ಅವಳು ಬೆರಳುಗಳ ನಡುವೆ ಉಜ್ಜಿದಳು. "ಅಂಟು ಇದ್ದು. ಜಿಗಿಹುಳ ಬಂಜು. ಅಣ್ಣಂಗೆ ಹೇಳು." ನಾನು ಮತ್ತೆ ನೋಡಿದೆ. ಎಲೆಯ ಮೇಲೆ ಅಂಟು ಮಿನುಗುತ್ತಿತ್ತು. ಈ ವರ್ಷದ ಉಪ್ಪಿನಕಾಯಿಯ ಮಿಡಿ ಆ ಅಂಟಿನ ಮೇಲೆ ನಿಂತಿತ್ತು. ಅಣ್ಣ ಅದೇ ದಿನ ಔಷಧಿ ಹೊಡೆಸುವ ವ್ಯವಸ್ಥೆ ಮಾಡಿದ.

ಬೆಂಗಳೂರಿಗೆ ಬಂದು ಟಬೂಬಿಯಾ ಹೂವೊಂದನ್ನು ಎತ್ತಿಕೊಂಡು ಮೂಸಿದೆ. ನನ್ನ ಮೂಗಿಗೆ ಏನೂ ಸಿಗಲಿಲ್ಲ. ಆಯಿಗೆ ಅದನ್ನೂ ವರದಿ ಮಾಡಿದೆ. ನನ್ನ ಕಣ್ಣಿನ ಒತ್ತಡವನ್ನೂ ಪರೀಕ್ಷೆ ಮಾಡಿಸಿಕೊಂಡೆ; ಸದ್ಯಕ್ಕೆ ಸರಿಯಿದೆ.

ನೋಟ್‌ಬುಕ್ಕಿನಲ್ಲಿ ಈಗ ಪ್ರತಿ ದಿನಾಂಕಕ್ಕೆ ಎರಡು ಸಾಲು. ಕೊನೆಯ ನಮೂದು ಇದು: "ಫೆಬ್ರವರಿ 22. ಸುರಗಿ ಇನ್ನೂ ಇದೆ, ಮಾವಿಗೆ ಜಿಗಿಹುಳ. ಆಯಿ ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಾಳೆ."

ಕೇಳಿದರೆ ಏನಿಲ್ಲೆ ಎಂದಳು. ಮಳೆಗಾಲ ಮುಗಿಯಲಿ ಎಂದು ಈ ಸಲ ನಾನು ಹೇಳಲಿಲ್ಲ. ಸೋಮವಾರ ಬೆಳಿಗ್ಗೆಯೇ ಶಿರಸಿಯ ಡಾಕ್ಟರಿಗೆ ಕರೆದುಕೊಂಡು ಹೋದೆವು.