ಮೂರು ದಿನ ಏನು ಮಾಡಿದೆ?

ಈ ಸಲದ ಸಂಕ್ರಾಂತಿಗೆ ಮಗಳು ಬೆಂಗಳೂರಿನಿಂದ ಬಂದಳು. ಹಬ್ಬಕ್ಕೆಂದು ಬಂದದ್ದು ಹೆಸರಿಗೆ ಮಾತ್ರ. ಎಳ್ಳುಬೆಲ್ಲ ಬೀರಿ ಮುಗಿಯುತ್ತಿದ್ದಂತೆ ನಡುಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತುಬಿಟ್ಟಳು. ಮನೆಯಿಂದಲೇ ಆಫೀಸಿನ ಕೆಲಸವಂತೆ. ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗಲೂ ಅಲ್ಲೇ, ಸಂಜೆ ಉತ್ತರಪತ್ರಿಕೆಗಳ ಕಟ್ಟು ಹೊತ್ತು ಬರುವಾಗಲೂ ಅಲ್ಲೇ. ಪರದೆಯ ಮೇಲೊಂದು ಕೆಂಪು ಗುರುತು. ಮೂರನೆಯ ಸಂಜೆಯೂ ಅದೇ ಕೆಂಪು ಗುರುತು ಕಂಡಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

“ಮೂರು ದಿನದಿಂದ ಕೂತಿದೀಯಲ್ಲೇ, ಏನು ಮಾಡಿದೆ?”

“ಹೊಸದೇನೂ ಇಲ್ಲಮ್ಮ. ಮೊದಲೇ ಬರೆದಿದ್ದ ಪ್ರೋಗ್ರಾಂ. ಮೂರು ಥರದ ಕಂಪ್ಯೂಟರಲ್ಲೂ ಅದು ಓಡಬೇಕು, ಅಷ್ಟೇ.”

ಅಷ್ಟಕ್ಕೆ ಮೂರು ದಿನವೇ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಮಾರನೆಯ ದಿನ ಭಾನುವಾರ. ಹಿದುಕಿದ ಬೇಳೆ ಸಾರಿಗೆಂದು ಅವರೆಕಾಳು ನೆನೆಹಾಕಿದ್ದೆ. ಅವಳ ಕೆಂಪು ಗುರುತು ಒಮ್ಮೆ ಬದಲಾಗಲು ಇಪ್ಪತ್ತು ನಿಮಿಷ ಬೇಕು. ಎಲ್ಲೋ ದೂರದ ಯಂತ್ರಗಳು ಅವಳ ಪ್ರೋಗ್ರಾಮನ್ನು ಮೊದಲಿನಿಂದ ಕಟ್ಟಿ ನೋಡಿ ಫಲಿತಾಂಶ ಹೇಳುತ್ತವಂತೆ. ಆ ಇಪ್ಪತ್ತು ನಿಮಿಷದಲ್ಲಿ ಬಂದು ನನ್ನ ಜೊತೆ ಕಾಳು ಹಿದುಕುತ್ತ ಕೂತಳು. ಹಾಗೆ ಕೂತಾಗ ಹೇಳಿದ್ದು ಇದು.

ಮನುಷ್ಯರು ಓದುವಂತೆ ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಅನುವಾದಿಸಿ, ಬಿಡಿ ಭಾಗಗಳನ್ನು ಜೋಡಿಸಬೇಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಅನುವಾದಕರು ಬೇರೆ, ಸಾಮಾನು ಇಡುವ ಕಪಾಟು ಬೇರೆ. ವಿಳಾಸ ಬರೆಯುವಾಗ ಹಾಕುವ ಓರೆಗೆರೆ ಕೂಡ ವಿಂಡೋಸಿನಲ್ಲಿ ಒಂದು ಕಡೆ ವಾಲಿದರೆ ಉಳಿದೆರಡರಲ್ಲಿ ಇನ್ನೊಂದು ಕಡೆ. ಸಾಲು ಮುಗಿಯಿತು ಎನ್ನಲು ವಿಂಡೋಸ್ ಎರಡು ಸಂಕೇತ ಇಡುತ್ತದೆ, ಲಿನಕ್ಸ್ ಒಂದೇ. ಹಳೆಯ ಟೆಲಿಪ್ರಿಂಟರಿನಲ್ಲಿ ಅಚ್ಚಿನ ಭಾಗವನ್ನು ಸಾಲಿನ ಆರಂಭಕ್ಕೆ ತರಲು ಒಂದು, ಕಾಗದವನ್ನು ಮೇಲೆ ಸರಿಸಲು ಇನ್ನೊಂದು ಆಜ್ಞೆ ಇತ್ತಂತೆ. ಟೈಪಿಂಗ್ ಕಲಿತ ನನಗೆ ಇದು ಚೆನ್ನಾಗಿ ಅರ್ಥವಾಯಿತು.

ಈ ಜೋಡಣೆಯ ಕೆಲಸಕ್ಕೆಂದು 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನಲ್ಲಿದ್ದ ಸ್ಟುವರ್ಟ್ ಫೆಲ್ಡ್‌ಮನ್ ‘ಮೇಕ್’ ಎಂಬ ಸಾಧನ ಬರೆದರು. ಅವರ ಸಹೋದ್ಯೋಗಿಯೊಬ್ಬರು ಪ್ರೋಗ್ರಾಮಿನ ತಪ್ಪು ಹುಡುಕುತ್ತ ಒಂದು ಬೆಳಗನ್ನೇ ಕಳೆದಿದ್ದರಂತೆ. ತಪ್ಪನ್ನು ಆಗಲೇ ತಿದ್ದಿಯಾಗಿತ್ತು. ತಿದ್ದಿದ್ದನ್ನು ಮತ್ತೆ ಅನುವಾದಿಸಲು ಮರೆತಿದ್ದರು! ಯಾವುದು ಬದಲಾಗಿದೆ ಎಂದು ನೋಡಿ ಅದನ್ನಷ್ಟೇ ಮತ್ತೆ ಕಟ್ಟುವ ಜಾಣತನ ಮೇಕ್‌ಗೆ ಇತ್ತು. ಆದರೆ ಅದರಲ್ಲೊಂದು ವಿಚಿತ್ರ ನಿಯಮ. ಆಜ್ಞೆಯ ಸಾಲಿನ ಮೊದಲಿಗೆ ಟ್ಯಾಬ್ ಕೀಲಿಯನ್ನೇ ಒತ್ತಬೇಕು. ಬರಿಯ ಖಾಲಿ ಜಾಗ ಬಿಟ್ಟರೆ ಆಗದು. ಕಣ್ಣಿಗೆ ಎರಡೂ ಒಂದೇ ಥರ. ಇದು ಸರಿಯಲ್ಲವೆಂದು ಫೆಲ್ಡ್‌ಮನ್ನರಿಗೂ ಹೊಳೆಯಿತು. ಅಷ್ಟರಲ್ಲಿ ಹನ್ನೆರಡು ಜನ ಗೆಳೆಯರು ಅದನ್ನು ಬಳಸತೊಡಗಿದ್ದರು. ಅವರಿಗೆ ತೊಂದರೆಯಾದೀತೆಂದು ಹಾಗೇ ಬಿಟ್ಟರು.

“ಆ ಟ್ಯಾಬು ಇವತ್ತಿಗೂ ಇದೆ ಅಮ್ಮ,” ಎಂದಳು.

ತಿಥಿಯ ದಿನ ಕಾಟ ಕೊಡುತ್ತದೆಂದು ಅಜ್ಜ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟರೆ, ಮೊಮ್ಮಗ ತಿಥಿಗೆಂದು ಬೆಕ್ಕು ಹುಡುಕಿಕೊಂಡು ಬೀದಿ ಅಲೆದನಂತಲ್ಲ, ಆ ಕಥೆ ನೆನಪಾಯಿತು. ಹನ್ನೆರಡು ಜನರ ಮೋರೆ ನೋಡಿ ಬಿಟ್ಟದ್ದು ಎಷ್ಟು ಜನರ ಸಂಜೆಗಳನ್ನು ತಿಂದಿದೆಯೋ.

ಆಮೇಲೆ ಬಂದದ್ದರಲ್ಲಿ ಮಗಳು ನಂಬಿಕೊಂಡಿರುವುದು ಸೀಮೇಕ್. 2000ದಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಹಣದಲ್ಲಿ, ವೈದ್ಯಕೀಯ ಚಿತ್ರಗಳ ತಂತ್ರಾಂಶವೊಂದರ ಸಲುವಾಗಿ ಹುಟ್ಟಿದ್ದು. ಅದು ತಾನೇ ಏನನ್ನೂ ಕಟ್ಟುವುದಿಲ್ಲ. ಮದುವೆಯ ಹಿಂದಿನ ದಿನ ಅಡುಗೆಭಟ್ಟರು ಛತ್ರಕ್ಕೆ ಬಂದು ಒಲೆ ಎಷ್ಟು, ಕೊಳದಪ್ಪಲೆ ಇದೆಯೇ, ನೀರು ಎಲ್ಲಿಂದ ಎಂದು ನೋಡಿಕೊಳ್ಳುತ್ತಾರಲ್ಲ, ಹಾಗೆ ಯಂತ್ರದಲ್ಲಿ ಏನಿದೆ ಏನಿಲ್ಲ ಎಂದು ವಿಚಾರಿಸಿ ಆ ಯಂತ್ರಕ್ಕೆ ತಕ್ಕ ಸೂಚನೆ ಬರೆದುಕೊಡುತ್ತದೆ.

“ಹಾಗಾದರೆ ನಿನಗೇನು ಕಷ್ಟ?”

“ಭಟ್ಟರಿಗೆ ಪಟ್ಟಿ ಬರೆದುಕೊಡೋಳು ನಾನೇ ಅಲ್ವಾ? ಪಟ್ಟಿಯಲ್ಲಿ ಇಂಗು ಬಿಟ್ಟುಹೋದರೆ ನನ್ನ ಒಲೆಯಲ್ಲಿ ಗೊತ್ತೇ ಆಗಲ್ಲ. ನನ್ನ ಮನೆ ಡಬ್ಬಿಯಲ್ಲಿ ಇಂಗು ಮೊದಲೇ ಇರತ್ತೆ.”

ಈ ಸಲದ ತಪ್ಪು ಸಿಕ್ಕಿದ್ದು ಮಧ್ಯಾಹ್ನ. ಜೊತೆಯ ಹುಡುಗನೊಬ್ಬ ವಿಂಡೋಸಿನಲ್ಲಿ ಕೂತು ಒಂದು ಕಡತದ ಹೆಸರನ್ನು ದೊಡ್ಡಕ್ಷರದಲ್ಲಿ ಕರೆದಿದ್ದ. ಕಡತದ ಹೆಸರು ಇದ್ದದ್ದು ಚಿಕ್ಕಕ್ಷರದಲ್ಲಿ. ವಿಂಡೋಸಿಗೆ ಎರಡೂ ಒಂದೇ. ಲಿನಕ್ಸಿಗೆ ಬೇರೆ ಬೇರೆ. ಹೆಸರಿನ ಮೊದಲ ಅಕ್ಷರ ದೊಡ್ಡದು ಮಾಡದ ಮಕ್ಕಳಿಗೆ ಮೂವತ್ತು ವರ್ಷದಿಂದ ಅರ್ಧ ಅಂಕ ಕಳೆಯುತ್ತ ಬಂದ ಇಂಗ್ಲಿಷ್ ಮೇಷ್ಟ್ರಮ್ಮ ನಾನು. ಲಿನಕ್ಸಿನ ಮೇಲೆ ಇದ್ದಕ್ಕಿದ್ದಂತೆ ಅಭಿಮಾನ ಉಕ್ಕಿತು. ಮಗಳಿಗೆ ಹಾಗೆಂದೆ. ಆಗ ನಕ್ಕಳು.

ನಕ್ಕವಳೇ ತಲೆ ತಗ್ಗಿಸಿ ಕಾಳು ಹಿದುಕುತ್ತ ಅಂದಳು: “ಹೋದ ವರ್ಷದ ಕೊನೆಗೆ ನಮ್ಮ ಮೇಲಿನವರು ನನ್ನ ಬಗ್ಗೆ ಏನು ಬರೆದರು ಗೊತ್ತಾ? ‘ಹೊಸ ಕೊಡುಗೆ ಕಾಣುವುದಿಲ್ಲ’ ಅಂತ. ಹೊಸ ಪರದೆ ಮಾಡಿದೋರಿಗೆಲ್ಲ ಬಡ್ತಿ ಬಂತು. ಅವರ ಪರದೆ ಮೂರು ಕಡೆ ಓಡೋ ಹಾಗೆ ಮಾಡಿದ್ದು ನಾನು. ಎಲ್ಲ ಸರಿಯಾಗಿದ್ದರೆ ಯಾರೂ ಕೇಳಲ್ಲ. ಕೆಟ್ಟರೆ ಮಾತ್ರ ನನ್ನ ಹೆಸರು.”

ನನ್ನ ಕೈ ನಿಂತಿತು. 1998ರ ಬೇಸಿಗೆ ರಜೆ. ಇವಳು ಎರಡು ವರ್ಷದ ಕೂಸು. ವರ್ಷದ ಹುಣಸೆಹಣ್ಣು ಬಿಡಿಸಿ, ತೊಗರಿಬೇಳೆ ಒಣಗಿಸಿ ಡಬ್ಬಿ ತುಂಬಿ, ಅತ್ತೆಯ ಔಷಧಿಗೆ ಓಡಾಡಿ, ಹಪ್ಪಳ ಒತ್ತಿ ಸುಸ್ತಾಗಿ ಕೂತಿದ್ದೆ. ಇವಳ ಅಪ್ಪ ಆಫೀಸಿನಿಂದ ಬಂದವರು ಸಹಜವಾಗಿಯೇ ಕೇಳಿದ್ದರು: “ರಜ ಇತ್ತಲ್ಲ, ಏನು ಮಾಡಿದೆ?” ಅದಕ್ಕೆ ನಾನು ಕೊಟ್ಟ ಉತ್ತರವೂ “ಏನಿಲ್ಲ” ಎಂದೇ. ಆ ಪ್ರಶ್ನೆಯನ್ನು ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡು ಬಂದವಳು ಮೊನ್ನೆ ಸಂಜೆ ಅದನ್ನೇ ಎತ್ತಿ ಮಗಳ ಮೇಲೆ ಎಸೆದಿದ್ದೆ, ನಗುತ್ತ ಬೇರೆ.

“ಆ ಮಾತು ಬರೆದದ್ದು ತಪ್ಪು ಅಂತ ನೀನು ಹೇಳಲಿಲ್ವಾ?”

“ಏನಂತ ಹೇಳಲಿ? ತೋರಿಸೋಕೆ ಏನಿದೆ?”

“ಎಷ್ಟು ಸಲ ಕೆಂಪಾಯ್ತು, ಯಾವುದರಿಂದ, ಹೇಗೆ ಸರಿ ಮಾಡಿದೆ, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರಿ. ಮುಂದಿನ ಸಲ ಅವರ ಮುಂದೆ ಇಡು.” ಪಾಠಟಿಪ್ಪಣಿ ಬರೆದು ಬರೆದು ಸವೆದ ಜೀವ, ನನಗೆ ತೋಚಿದ್ದು ಅಷ್ಟೇ. ಬೀರುವಿನಲ್ಲಿದ್ದ ಹೊಸ ನೋಟ್‌ಬುಕ್ ತೆಗೆದುಕೊಟ್ಟೆ. ಮಗಳು ಅದನ್ನು ತಿರುಗಿಸಿ ನೋಡಿ, ಅವರೆಯ ಸೊಗಡಿನ ಕೈಯಲ್ಲೇ ಮೊದಲ ಪುಟಕ್ಕೆ ತಾರೀಖು ಹಾಕಿದಳು.

ಸಂಜೆಗೆ ಗುರುತು ಹಸಿರಾಯಿತು. ರಾತ್ರಿ ಊಟಕ್ಕೆ ಕೂತ ನಮ್ಮವರು ಸಾರು ಸುರಿದುಕೊಂಡು, ಇನ್ನೊಂದು ಸೌಟು ಹಾಕಿಸಿಕೊಂಡು, “ಇಷ್ಟು ಸಾರಿಗೆ ಬೆಳಿಗ್ಗೆಯಿಂದ ಇಬ್ಬರೂ ಕೂತಿದ್ರಾ?” ಎಂದರು. ಮಗಳು ನನ್ನ ಮುಖ ನೋಡಿದಳು.

“ನಾಳೆಗೂ ಒಂದು ಸೇರು ಕಾಳು ನೆನೆಸ್ತೀನಿ,” ಎಂದೆ. “ನೀವು ಹಿದುಕಿ.”