ದುಬೈಯ ಗಾಳಿಗೋಪುರಗಳು

ಮಗಳನ್ನು ಮೈಸೂರಿನ ಕಾಲೇಜಿಗೆ ಸೇರಿಸಿ ಮಸ್ಕತ್ತಿಗೆ ಹಿಂದಿರುಗಿದ ಮೇಲೆ ನಮ್ಮ ಮನೆಯಲ್ಲಿ ಮಾತು ಕಡಮೆಯಾಯಿತು. ಹದಿನೆಂಟು ವರ್ಷಗಳಿಂದ ನಾವಿಬ್ಬರೂ ಆಡುತ್ತಿದ್ದ ಮಾತೆಲ್ಲ ಅವಳದೇ ಆಗಿದ್ದಿತೆಂಬುದು ಆಗ ತಿಳಿಯಿತು. ಜನವರಿಯ ಒಂದು ಗುರುವಾರ ರಾತ್ರಿ ನಮ್ಮವರು, "ನಾಳೆ ದುಬೈಗೆ ಹೋಗಿ ಬರೋಣವೇ?" ಎಂದರು. ಉತ್ತರ ಹೇಳುವ ಬದಲು ನಾನು ಚೀಲಕ್ಕೆ ಬಟ್ಟೆ ತುಂಬತೊಡಗಿದೆ. ಬಳೆಗೆಂದು ಕೂಡಿಟ್ಟಿದ್ದ ಹಣವನ್ನೂ ಇಟ್ಟುಕೊಂಡೆ.

ಓಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ; ದುಬೈಯಲ್ಲಿ 2022ರಿಂದ ಶನಿವಾರ ಮತ್ತು ಭಾನುವಾರ. ಆದ್ದರಿಂದ ನಮ್ಮ ಊರು ಇನ್ನೂ ನಿದ್ರಿಸುತ್ತಿರುವಾಗಲೇ ನಾವು ಹೊರಟೆವು. ಬಲಗಡೆ ಸಮುದ್ರ, ಎಡಗಡೆ ಮರವಿಲ್ಲದ ಬೋಳು ಬೆಟ್ಟಗಳು, ನಡುವೆ ಖರ್ಜೂರದ ತೋಟಗಳು. ಸೋಹಾರ್ ದಾಟಿದ ಮೇಲೆ ರಸ್ತೆ ಬೆಟ್ಟಗಳ ಕಡೆಗೆ ತಿರುಗುತ್ತದೆ. ಗಡಿಯ ಠಾಣೆಯ ಕಾಗದಪತ್ರಗಳು ಮುಗಿದ ಬಳಿಕ ಕೊನೆಗೊಮ್ಮೆ ಮರಳಿನಾಚೆ ಸೂಜಿಯಂತಹ ಮೊನೆಯೊಂದು ಕಂಡಿತು. ಅದೇ ಬುರ್ಜ್ ಖಲೀಫಾ.

2010ರಲ್ಲಿ ತೆರೆದ ಈ ಕಟ್ಟಡದ ಎತ್ತರ 828 ಮೀಟರ್. ಸುಮಾರು ಒಂದು ನಿಮಿಷದಲ್ಲಿ ಲಿಫ್ಟು ನಮ್ಮನ್ನು 124ನೆಯ ಅಂತಸ್ತಿಗೆ ಏರಿಸಿತು. ಕಿವಿ ಮುಚ್ಚಿಕೊಂಡಿತೇ ಹೊರತು ಏರಿದ್ದು ಗೊತ್ತಾಗಲಿಲ್ಲ. ಕೆಳಗೆ ರಸ್ತೆಗಳು ದಾರದ ಎಳೆಗಳಂತೆ ಕಂಡವು. ಒಂದು ಕಡೆ ನೀಲಿ ಸಮುದ್ರ, ಇನ್ನೊಂದು ಕಡೆ ಕಣ್ಣು ಹರಿಯುವಷ್ಟು ದೂರ ಮರಳು. ಇಳಿದು ಬಂದರೆ ಪಕ್ಕದ ಮಳಿಗೆಗಳ ಮಹಾಸಮುಚ್ಚಯದಲ್ಲಿ ಗಾಜಿನ ಗೋಡೆಯ ಹಿಂದೆ ಶಾರ್ಕ್ ಮೀನುಗಳು ಈಜುತ್ತಿದ್ದವು! ನೋಡಿದಷ್ಟೂ ಬೆರಗು. ಆದರೆ ಇಡೀ ದಿನ ನಾವು ಆಡಿದ್ದು "ಅದನ್ನು ನೋಡು", "ಇದನ್ನು ನೋಡಿ" ಎಂಬ ಎರಡೇ ಮಾತು. ರಾತ್ರಿ ಹೋಟೆಲಿನ ಕೋಣೆಯ ಬಾಗಿಲು ತೆರೆದಾಗ, ಮಸ್ಕತ್ತಿನ ಮನೆಯ ಮೌನ ನಮಗಿಂತ ಮೊದಲೇ ಬಂದು ಕುಳಿತಿದ್ದಂತೆ ಅನಿಸಿತು.

ಮರುದಿನ ಬೆಳಿಗ್ಗೆ ಹಳೆಯ ಊರಿಗೆ ಹೋದೆವು. ಸಮುದ್ರದ ನೀರು ಊರೊಳಗೆ ಹರಿದು ಬಂದಿರುವ 'ಕ್ರೀಕ್' ಎಂಬ ಹಿನ್ನೀರಿನ ದಂಡೆಯಲ್ಲಿ ಅಲ್ ಫಹೀದಿ ಎಂಬ ಬಡಾವಣೆಯಿದೆ. ಪರ್ಷಿಯಾದ ಕಡೆಯಿಂದ ಬಂದ ವರ್ತಕರು ಹವಳದ ಕಲ್ಲಿನಿಂದ ಅಲ್ಲಿ ಮನೆಗಳನ್ನು ಕಟ್ಟಿಕೊಂಡರು. ಆ ಮನೆಗಳ ಮೇಲೆ ನಾಲ್ಕು ದಿಕ್ಕಿಗೂ ತೆರೆದ ಚೌಕ ಗೋಪುರಗಳಿವೆ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಅದನ್ನು ಹಿಡಿದು ಕೆಳಗಿನ ಕೋಣೆಗೆ ಇಳಿಸುವ ಉಪಾಯವದು. ವಿದ್ಯುತ್ತಿಲ್ಲದ ಕಾಲದಲ್ಲಿ ಮರುಭೂಮಿಯ ಬೇಸಿಗೆಯನ್ನು ಜನರು ಹೀಗೆ ಕಳೆದರು. ನಮ್ಮಲ್ಲಿ ಗಾಳಿಗೋಪುರವೆಂದರೆ ಎಂದೂ ಕಟ್ಟಲಾಗದ ಕನಸು. ಇಲ್ಲಿಯವರು ಅದನ್ನು ಕಟ್ಟಿ, ಅದರ ಕೆಳಗೆ ತಣ್ಣಗೆ ಮಲಗಿದ್ದರು!

ಈ ಊರಿನ ಏಳಿಗೆಗೆಲ್ಲ ಎಣ್ಣೆಯೇ ಮೂಲವೆಂದು ನಾನು ತಿಳಿದಿದ್ದೆ. ನಿಜಕ್ಕೂ ಮೊದಲಿದ್ದುದು ಮುತ್ತು. ಜಪಾನಿನವರು ಚಿಪ್ಪುಗಳಲ್ಲಿ ಬೆಳೆಸಿದ ಮುತ್ತುಗಳು ಬಂದು, 1930ರ ದಶಕದಲ್ಲಿ ಆ ವ್ಯಾಪಾರ ಕುಸಿಯಿತು. ಮುಂದೆ ಆಳರಸ ಶೇಖ್ ರಷೀದರು ಕುವೈತಿನಿಂದ ಸಾಲ ತಂದು, 1960ರ ಸುಮಾರಿಗೆ ಈ ಹಿನ್ನೀರಿನ ಹೂಳೆತ್ತಿಸಿದರು. ದೊಡ್ಡ ಹಡಗುಗಳು ಬರತೊಡಗಿದವು. ಎಣ್ಣೆ ಸಿಕ್ಕಿದ್ದು 1966ರಲ್ಲಿ. ಅದೇ ವರ್ಷದವರೆಗೆ ಇಲ್ಲಿ ನಡೆಯುತ್ತಿದ್ದುದು ನಮ್ಮ ರೂಪಾಯಿ! ಕೊಲ್ಲಿಯ ನಾಡುಗಳಿಗೆಂದೇ ಭಾರತದ ರಿಸರ್ವ್ ಬ್ಯಾಂಕು 1959ರಲ್ಲಿ ಬೇರೆ ನೋಟುಗಳನ್ನು ಹೊರಡಿಸಿದ್ದಿತು.

ಹಿನ್ನೀರನ್ನು ದಾಟಿಸಲು 'ಅಬ್ರಾ' ಎಂಬ ಮರದ ದೋಣಿಗಳಿವೆ. ನಾವು ಕೊಟ್ಟದ್ದು ತಲೆಗೆ ಒಂದು ದಿರ್ಹಮ್. ನಡುವಿನ ಹಲಗೆಯ ಮೇಲೆ ನೀರಿಗೆ ಮುಖ ಮಾಡಿ ಕುಳಿತೆವು. ಸುತ್ತಲೂ ಮಲೆಯಾಳ, ಬಂಗಾಳಿ, ಉರ್ದು ಮಾತುಗಳು. ಈ ದೇಶದಲ್ಲಿ ಹತ್ತು ಜನರಲ್ಲಿ ಸುಮಾರು ಒಂಬತ್ತು ಮಂದಿ ಹೊರಗಿನವರೇ.

"ಇಲ್ಲಿ ಮನೆಯವರಿಗಿಂತ ನೆಂಟರೇ ಹೆಚ್ಚು," ಎಂದೆ.

ನಮ್ಮವರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಿದ್ದರು. ಬಳಿಕ, "ನೆಂಟರು ಎಂದಾದರೂ ಏಳಲೇಬೇಕು. ನಾವು ಏಳುವುದು ಯಾವಾಗ ಎಂದು ನೀನು ಒಮ್ಮೆಯೂ ಕೇಳಲಿಲ್ಲ," ಎಂದರು.

"ನೀವೂ ಹೇಳಲಿಲ್ಲ."

ಮೈಸೂರಿನಲ್ಲಿ ಕೊಂಡಿರುವ ನಿವೇಶನದಲ್ಲಿ ಹನ್ನೊಂದು ವರ್ಷಗಳಿಂದ ಹುಲ್ಲು ಬೆಳೆಯುತ್ತಿದೆ. ಪ್ರತಿ ವರ್ಷವೂ "ಬರುವ ವರ್ಷ" ಎನ್ನುತ್ತಲೇ ಬಂದಿದ್ದೆವು. ಹೋದರೆ ಸಂಬಳವಿಲ್ಲವೆಂದು ಅವರಿಗೆ ಅಂಜಿಕೆ. ಇಷ್ಟು ವರ್ಷ ದೂರವಿದ್ದವಳನ್ನು ಅಲ್ಲಿ ಯಾರು ಗುರುತಿಸುವರೆಂದು ನನಗೆ. ಇಬ್ಬರೂ ಅಂಜಿಕೆಯನ್ನು ಬಚ್ಚಿಟ್ಟುಕೊಂಡಿದ್ದೆವು. ಆಚೆ ದಡ ಬೇಗ ಬಂದುಬಿಟ್ಟಿತು, ಮಾತು ಮುಗಿದಿರಲಿಲ್ಲ. ಮತ್ತೆ ದೋಣಿ ಹತ್ತಿದೆವು. ಹೀಗೆ ಐದು ಸಲ ದಾಟಿದೆವು. ಕೊನೆಗೆ ಸಿಕ್ಕಿದವನು ಮೊದಲಿನ ದೋಣಿಯವನೇ. ನಮ್ಮ ಗುರುತು ಹಿಡಿದು ನಕ್ಕ.

ದೇರಾದ ಚಿನ್ನದ ಪೇಟೆಯಲ್ಲಿ ಚಿನ್ನದ ಬೆಲೆ ಅಂದಿನ ದರದಂತೆಯೇ. ಚೌಕಾಸಿ ಏನಿದ್ದರೂ ಕೂಲಿಯ ಮೇಲೆ. ನಾಲ್ಕು ಜೊತೆ ಬಳೆ ತೊಟ್ಟು ನೋಡಿ, ನಾಲ್ಕನ್ನೂ ಹಿಂದಿರುಗಿಸಿದೆ.

"ಏಕೆ?" ಎಂದರು.

"ಮುಂಬಾಗಿಲಿಗೆ ತೇಗದ ಮರವೇ ಆಗಬೇಕು," ಎಂದೆ.

ಮಗಳ ಓದು ಮುಗಿಯುವುದರೊಳಗೆ ಹೊರಡುವುದೆಂದು ಹಿಂದಿರುಗುವ ಹಾದಿಯಲ್ಲಿ ಗೊತ್ತಾಯಿತು. ಹೋಗುವಾಗ ಮುಗಿಯದೆನಿಸಿದ್ದ ಹಾದಿ ಬರುವಾಗ ಸಾಲದೆ ಹೋಯಿತು. ಮಾಡಿನ ಮೇಲೊಂದು ಗಾಳಿಗೋಪುರ ಬೇಕೆಂದು ಅವರು. ಮೈಸೂರಿನ ತಂಪಿಗೆ ಅದೇಕೆಂದು ನಾನು. ಮಸ್ಕತ್ತಿನ ದೀಪಗಳು ಕಂಡರೂ ನಮ್ಮ ವಾದ ಮುಗಿದಿರಲಿಲ್ಲ.