ಮಡಿಕೇರಿಯ ‘ಸನ್ನಿ ಸೈಡ್’

ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ ಅಮಾವಾಸ್ಯೆ ಬಂತೆಂದರೆ ಹರಿಹರ, ದಾವಣಗೆರೆಗಳಿಂದ ಜನರು ಸಂಸಾರ ಸಮೇತರಾಗಿ ಬರುತ್ತಾರೆ. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಕಾಯಿ ಒಡೆಸಿ ಹಿಂದಿರುಗುತ್ತಾರೆ. ಅದೇ ಸಂಸಾರಗಳು ರಜೆಯಲ್ಲಿ ಕೊಡಗಿನತ್ತ ಹೊರಟಾಗ ತಲಕಾವೇರಿ, ಭಾಗಮಂಡಲ, ಅಬ್ಬಿ ಜಲಪಾತಗಳನ್ನು ಮರೆಯುವುದಿಲ್ಲ. ಮಡಿಕೇರಿಯ ಒಂದು ಹಳೆಯ ಮನೆಗೂ ಅರ್ಧ ದಿನವನ್ನು ಎತ್ತಿಡುವುದು ಒಳ್ಳೆಯದು.

ಅದರ ಹೆಸರು ‘ಸನ್ನಿ ಸೈಡ್’. ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ಮನೆತನದ ಮನೆ. ಬಹುಕಾಲ ಇಲ್ಲಿ ಸಾರಿಗೆ ಇಲಾಖೆಯ ಕಚೇರಿಯಿತ್ತು. ವೀರನ ಮನೆಗೆ ಇಂಥ ಗತಿಯೂ ಉಂಟು! 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದರು ಇದನ್ನು ಸ್ಮಾರಕ ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಂಗಳದ ಟ್ಯಾಂಕಿನ ಬಳಿ ಮಕ್ಕಳು ಸಹಜವಾಗಿಯೇ ನಿಂತುಬಿಡುತ್ತಾರೆ. ಆ ಟ್ಯಾಂಕಿನ ಎದುರಿನಲ್ಲೇ ಅವರಿಗೆ ಜೋಜಿಲಾದ ಕಥೆಯನ್ನು ಹೇಳಬೇಕು.

1906ರಲ್ಲಿ ಹುಟ್ಟಿದ ತಿಮ್ಮಯ್ಯನವರು ಕೂನೂರು, ಬೆಂಗಳೂರುಗಳಲ್ಲಿ ಓದಿ, ಡೆಹರಾಡೂನಿನ ಸೈನಿಕ ಶಾಲೆಯ ಮೂಲಕ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿಗೆ ಹೋದರು. 1926ರಲ್ಲಿ ಅಧಿಕಾರಿಯಾದರು. ದೇಶದಲ್ಲಿ ಸ್ವಾತಂತ್ರ್ಯದ ಕಿಚ್ಚು ಹತ್ತಿದ್ದಾಗ ಆಂಗ್ಲರ ಸಮವಸ್ತ್ರ ತೊಟ್ಟಿರುವುದು ತರುಣನ ಮನಸ್ಸನ್ನು ಕೊರೆಯುತ್ತಿತ್ತು. ಅಲಹಾಬಾದಿನಲ್ಲಿ ಮೋತಿಲಾಲ್ ನೆಹರೂ ಅವರನ್ನು ಕಂಡು, ಸೇನೆಯನ್ನು ಬಿಡಲೇ ಎಂದು ಕೇಳಿದರು. ಬಿಡಬೇಡ, ಸ್ವತಂತ್ರ ಭಾರತಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುತ್ತಾರೆ ಎಂಬುದು ಹಿರಿಯರ ಸಲಹೆಯಾಗಿತ್ತು. ತಿಮ್ಮಯ್ಯನವರು ಉಳಿದರು. ಆದರೆ ಸೋದರ ಪೊನ್ನಪ್ಪನವರು ಮುಂದೆ ಆಜಾದ್ ಹಿಂದ್ ಫೌಜನ್ನು ಸೇರಿದರು. ಒಂದೇ ಮನೆಯ ಮಕ್ಕಳು ಒಂದೇ ಯುದ್ಧದ ಎರಡು ಪಕ್ಷಗಳಲ್ಲಿ ನಿಂತರು. ಇವರಲ್ಲಿ ದೇಶಭಕ್ತನಾರೆಂದು ತೂಗಿ ಹೇಳುವುದು ಸುಲಭವಲ್ಲ.

ಬರ್ಮಾ ರಣರಂಗದ ಕಂಗಾವ್ ಕದನದ ಶೌರ್ಯಕ್ಕಾಗಿ 1945ರಲ್ಲಿ ತಿಮ್ಮಯ್ಯನವರಿಗೆ ಡಿ.ಎಸ್.ಒ. ಪದಕ ದೊರೆಯಿತು. ಆ ಮಹಾಯುದ್ಧದಲ್ಲಿ ಪದಾತಿ ಬ್ರಿಗೇಡೊಂದನ್ನು ರಣಾಂಗಣದಲ್ಲಿ ನಡೆಸಿದ ಏಕೈಕ ಭಾರತೀಯರೆಂಬ ಹೆಗ್ಗಳಿಕೆಯೂ ಅವರದೇ.

1948ರಲ್ಲಿ ಲೇಹದ ದಾರಿಯನ್ನು ಶತ್ರುಗಳು ಕಟ್ಟಿದ್ದರು. ಸುಮಾರು 11,500 ಅಡಿ ಎತ್ತರದ ಜೋಜಿಲಾ ಕಣಿವೆಮಾರ್ಗದಲ್ಲಿ ಪದಾತಿ ಪಡೆಯ ದಾಳಿಗಳು ಫಲಿಸಲಿಲ್ಲ. ಹಿಮ ಬಿದ್ದು ದಾರಿ ಮುಚ್ಚುವ ದಿನಗಳು ಸಮೀಪಿಸಿದ್ದವು. ಆ ಎತ್ತರಕ್ಕೆ ಟ್ಯಾಂಕುಗಳನ್ನೇ ಹತ್ತಿಸುವುದೆಂದು ತಿಮ್ಮಯ್ಯನವರು ನಿಶ್ಚಯಿಸಿದರು. ಮದ್ರಾಸ್ ಸ್ಯಾಪರ್ಸ್ ಯೋಧರು ಬಂಡೆ ಒಡೆದು ದಾರಿ ಮಾಡಿದರು. ಗುಟ್ಟು ಹೊರಬೀಳದಿರಲೆಂದು ಟ್ಯಾಂಕುಗಳ ಮೇಲ್ಗೋಪುರಗಳನ್ನು ಕಳಚಿ ಸಾಗಿಸಲಾಯಿತು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಯೊಳಗೆ ನುಗ್ಗಿದಾಗ ಶತ್ರುಗಳು ಬೆರಗಾಗಿ ಹಿಮ್ಮೆಟ್ಟಿದರು. ಡಿವಿಷನ್ನಿನ ಸೇನಾಪತಿಯೇ ಮುಂಚೂಣಿಯ ಟ್ಯಾಂಕಿನಲ್ಲಿದ್ದರು.

1957ರಲ್ಲಿ ಅವರು ಭೂಸೇನೆಯ ಮುಖ್ಯಸ್ಥರಾದರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಹೊಂದಾಣಿಕೆಯಾಗದೆ 1959ರಲ್ಲಿ ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಅವರ ಮಾತಿಗೆ ಮಣಿದು ಹಿಂತೆಗೆದುಕೊಂಡರು. ಗುಂಡಿಗೆ ಎದೆಯೊಡ್ಡಿದವರಿಗೂ ಆ ಕೆಲವು ದಿನಗಳು ಕಠಿಣವಾಗಿದ್ದಿರಬೇಕು. 1961ರಲ್ಲಿ ನಿವೃತ್ತರಾದರು, ಮರುವರ್ಷವೇ ಚೀನಾ ಯುದ್ಧ.

1964ರಲ್ಲಿ ವಿಶ್ವಸಂಸ್ಥೆಯು ಸೈಪ್ರಸ್ ದ್ವೀಪದ ಶಾಂತಿಪಾಲನಾ ಪಡೆಯನ್ನು ಅವರಿಗೆ ಒಪ್ಪಿಸಿತು. ಗ್ರೀಕರು, ತುರ್ಕರು ಪರಸ್ಪರ ಕಾದಾಡುತ್ತಿದ್ದ ಆ ನೆಲದಲ್ಲಿಯೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರವು ಈ ಕೊಡವ ಸೇನಾನಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.